ಆನೆಮರಿಗೆ ಗೋತ್ರ ಯಾವುದು?

ಆಫ್ರಿಕಾದ ಪ್ರಾಣಿಗಳಿಂದ ನನಗೆ ಈವರೆಗೆ ಒಂದೇ ಒಂದು ತೊಂದರೆಯೂ ಆಗಿಲ್ಲ. ಆಗಿರುವುದೆಲ್ಲ ಅವುಗಳ ಮೇಲೆ ಪ್ರೀತಿ ಇಟ್ಟಿರುವ ಟೆಕ್ಸಸ್ ಕನ್ನಡಿಗರಿಂದ. ಸಾಕಪ್ಪಾ ಅಂತ ಕೈಮುಗಿದರೂ ವಾರಕ್ಕೊಂದು ಹೊಸದು ಹುಟ್ಟಿಕೊಳ್ಳುತ್ತದೆ. ಕೆಳಗಿರುವುದರಲ್ಲಿ ಕಾಲು ಪಾಲು ಸುಳ್ಳು. ನನ್ನ ಹೆಂಡತಿಯನ್ನು ಕೇಳಿದರೆ ಮುಕ್ಕಾಲು ಅಂತಾಳೆ.

೧. ಇಂಗಿನ ಗಂಟು

ಹೋದ ವರ್ಷ ಡಾಲಸ್ ಕಡೆಯ ಹತ್ತು ಜನರನ್ನು ಕೀನ್ಯಾ ಸಫಾರಿಗೆ ಕರೆದುಕೊಂಡು ಹೋಗಿದ್ದೆ. ಹೊರಡುವ ಮುಂಚೆ ಮರ್ಫಿ ಊರಿನ ಒಬ್ಬ ಆಂಟಿ, "ಸಿಂಹ ಜೀಪಿನ ಹತ್ರ ಬಂದ್ರೆ ಏನ್ ಮಾಡೋದು?" ಅಂತ ಹದಿನಾಲ್ಕನೇ ಸಲ ಕೇಳಿದರು. ತಲೆ ಕೆಟ್ಟು, "ಇಂಗು ಇಟ್ಕೊಳ್ಳಿ ಆಂಟಿ, ಆ ವಾಸನೆ ಸಿಂಹಕ್ಕೆ ಆಗಲ್ಲ" ಅಂದುಬಿಟ್ಟೆ. ತಮಾಷೆ ಅಂತ ಗೊತ್ತಾಗುತ್ತೆ ಅಂದುಕೊಂಡಿದ್ದೆ. ಮೊದಲ ದಿನ ಬೆಳಿಗ್ಗೆ ನೋಡಿದರೆ ಹತ್ತೂ ಜನರ ಸೊಂಟದಲ್ಲಿ ಕರವಸ್ತ್ರದ ಗಂಟು. ಅದೂ ಗಟ್ಟಿ ಇಂಗು.

ಗೈಡ್ ಮೂಗು ಹಿಡಿದುಕೊಂಡು ಬಾನೆಟ್ ತೆಗೆದು, ಒಳಗೆ ಯಾವ ಪ್ರಾಣಿ ಸತ್ತಿದೆ ಅಂತ ಅರ್ಧ ಗಂಟೆ ಹುಡುಕಿದ. ಎರಡು ದಿನ ಒಂದು ಸಿಂಹವೂ ಕಾಣಲಿಲ್ಲ. ನಾನು ಗೈಡ್ ಹತ್ತಿರ ಬೈಸಿಕೊಳ್ಳುತ್ತಾ ನಿಂತಿದ್ದರೆ ಆಂಟಿ ಹಿಂದಿನ ಸೀಟಿನಿಂದ, "ನೋಡಿದ್ರಾ, ಒಂದೂ ಬರ್ಲಿಲ್ಲ. ಎಷ್ಟು ಪವರ್‌ಫುಲ್!"

೨. ಡೆಮೋ

ಆ ಪಾಪ ತೊಳೆದುಕೊಳ್ಳಲೆಂದೋ ಏನೋ, ಅದೇ ಪ್ರವಾಸದಲ್ಲಿ ಇನ್ನೊಂದು ಕಡೆ ಬಾಯಿ ಜಾರಿತು. ಅದು ಅನಾಥ ಆನೆಮರಿಗಳನ್ನು ಸಾಕುವ ಶಿಬಿರ. ಬೇಟೆಗಾರರ ಉರುಳಿಗೆ ತಾಯಂದಿರನ್ನು ಕಳೆದುಕೊಂಡ ಎರಡು ಮರಿಗಳಿದ್ದವು, ಒಂದು ಹೆಣ್ಣು, ಒಂದು ಗಂಡು. ದೂರದಿಂದಲೇ ಒಂದೊಂದನ್ನು ದತ್ತು ತೆಗೆದುಕೊಂಡು ವರ್ಷದ ಹಾಲಿನ ಖರ್ಚು ನೋಡಿಕೊಳ್ಳಬೇಕು. ಮರಿಗಳ ಪಕ್ಕದಲ್ಲೇ ಮಂಚ ಹಾಕಿಕೊಂಡು ಮಲಗುವ ಪಾಲಕನಿಗೆ, "ಎರಡು ಮನೆ ತಾನೇ? ನಮ್ಮವರು ಕ್ಯೂ ನಿಲ್ತಾರೆ" ಅಂದೆ. ಪಾಪ, ನಂಬಿಬಿಟ್ಟ. ನಾವು ವಾಪಸ್ ಬಂದ ಮೇಲೆ ನೋಡಿದರೆ, ಉರುಳಿನಿಂದ ಬಿಡಿಸಿದ ಮೂರನೇ ಮರಿಯೊಂದು ಶಿಬಿರದಿಂದ ಇನ್ನೂರು ಮೈಲಿ ಆಚೆ ಕಾಯುತ್ತಿತ್ತು. ತಿಂಗಳ ಕೊನೆಯೊಳಗೆ ಇವೆರಡಕ್ಕೆ ಮನೆ ಸಿಗದಿದ್ದರೆ ಅದನ್ನು ಸೇರಿಸಿಕೊಳ್ಳಲು ಹಾಲಿಲ್ಲ. "ನಿಮ್ಮ ಕ್ಯೂ ಎಲ್ಲಿಗೆ ಬಂತು?" ಅಂತ ದಿನಕ್ಕೊಂದು ಮೆಸೇಜ್.

ಮೆಕಿನ್ನಿಯಲ್ಲಿ ಶನಿವಾರ ಬೆಳಗಿನ ದೋಸೆ ಪಾರ್ಟಿಯಲ್ಲಿ ವಿಷಯ ಎತ್ತಿದೆ. ಮನೆಯ ಯಜಮಾನ ಪ್ರಾಡಕ್ಟ್ ಮ್ಯಾನೇಜರ್. "ಡೆಮೋ ನೋಡದೆ ಹೇಗೆ ಸಾರ್ ಸೈನ್ ಅಪ್ ಮಾಡೋದು?" ಅಂದ. ಸರಿ, ಪಾಲಕನಿಗೆ ವಿಡಿಯೋ ಕಾಲ್ ಮಾಡಿ ಗೋಡೆಯಗಲದ ಟಿವಿಗೆ ಹಾಕಿದೆವು. ಯಜಮಾನನ ಹೆಂಡತಿ, "ಹಾಯ್ ಹೇಳು ಪುಟ್ಟಾ" ಅಂದರು. ಮರಿ ಸೊಂಡಿಲು ಚಾಚಿ ಪಾಲಕನ ಫೋನನ್ನೇ ಬಾಯಿಗೆ ಹಾಕಿಕೊಂಡಿತು. ದೋಸೆ ತಟ್ಟೆ ಹಿಡಿದ ಮೂವತ್ತು ಜನ (ನನ್ನ ಹೆಂಡತಿಯ ಲೆಕ್ಕದಲ್ಲಿ ಹನ್ನೊಂದು) ಆನೆಯ ಬಾಯೊಳಗಿನ ದರ್ಶನ ಪಡೆದೆವು. ಮನೆಯ ಮಗಳು, "ಬೆಸ್ಟ್ ಡೇ ಎವರ್!" ಅಂತ ಕುಣಿದಳು.

ಅವಳಪ್ಪ ಮಾತ್ರ ಗಂಭೀರವಾಗಿ, "ಪಿಂಕ್ ಸ್ಕ್ರೀನ್ ಬರ್ತಿದೆ ಸಾರ್. ಆನೇನ ಒಂದ್ಸಲ ರೀಸ್ಟಾರ್ಟ್ ಮಾಡೋಕೆ ಹೇಳಿ."

೩. ಮೂಲಾ ನಕ್ಷತ್ರ

ಮೆಕಿನ್ನಿ ಕೈಕೊಟ್ಟ ಮೇಲೆ ಹ್ಯೂಸ್ಟನ್‌ಗೆ ಡ್ರೈವ್ ಮಾಡಿದೆ. ಅಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಹುಬ್ಬಳ್ಳಿಯ ಅಂಕಲ್ ಒಬ್ಬರು ಮಾತು ಮುಗಿಯುವ ಮೊದಲೇ ಒಪ್ಪಿದರು. "ಹೆಣ್ಣು ಕೂಸು ನಮ್ಮನಿಗೆ ಇರ್ಲಿ. ಗುಡಿಯಾಗ ಅಕಿ ಹೆಸರಿಲೆ ಅರ್ಚನಿ ಮಾಡಸ್ತೀನಿ. ಗೋತ್ರ, ನಕ್ಷತ್ರ ಹೇಳ್ರಿ."

"ಅಂಕಲ್, ಅದು ಆನೆ."

"ಆನಿ ಅಂದ್ರ ಏನಾತ್ರಿ? ನಕ್ಷತ್ರ ಇಲ್ಲದನ ಹುಟ್ಟತದೇನು?"

ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳುವ ಪದ್ಧತಿ ಇದೆಯಲ್ಲ, ಹಾಗೇ ಹೇಳಿದೆ. ಅಲ್ಲಿಗೆ ಬಿಡಬಹುದಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಕ್ಷತ್ರ ಮೂಲಾ" ಅಂದೆ.

ಅಂಕಲ್ ಪೆನ್ನು ಕೆಳಗಿಟ್ಟರು. "ಹೆಣ್ಣಿಗೆ ಮೂಲಾ ಇದ್ರ ಮಾವಗ ಆಗಂಗಿಲ್ರಿ. ಬ್ಯಾಡ, ಬ್ಯಾಡ."

"ಅಂಕಲ್, ಇದರ ಮಾವ ಆಗೋನು ಕಾಡಲ್ಲೆಲ್ಲೋ ಇದಾನೆ. ಆರು ಟನ್ ತೂಕ. ಅವನ ಚಿಂತೆ ಅವನು ನೋಡ್ಕೋತಾನೆ" ಅಂತ ಬೇಡಿಕೊಂಡೆ. ಕೇಳಲಿಲ್ಲ. ಕೊನೆಗೆ ಫೋನನ್ನು ದಿಟ್ಟಿಸಿದಂತೆ ಮಾಡಿ, "ಅಯ್ಯೋ, ತಪ್ಪು ಓದಿದೆ, ರೋಹಿಣಿ" ಅಂದ ಮೇಲೆ ಪೆನ್ನು ಮತ್ತೆ ಕೈಗೆ ಬಂತು.

ಅಡುಗೆಮನೆಯಿಂದ ಆಂಟಿ ಕೂಗಿ ಹೇಳಿದರು: "ನಮ್ಮ ಸೊಸಿದೂ ಮೂಲಾನ ಅದ. ಹತ್ತು ವರ್ಷಾತು. ಇವ್ರು ನೋಡ್ರಿ ಹೆಂಗ ಗುಂಡಕಲ್ಲಿನಂಗ ಇದ್ದಾರ!"

೪. ಸಗೋತ್ರ

ಗಂಡು ಮರಿಗೆ ಸಿಕ್ಕವನು ಆಸ್ಟಿನ್‌ನ ಗೆಳೆಯ. ಮೈಸೂರಿನವನು, ಪಕ್ಕದ ಟೇಲರ್ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ. ಒಂದು ಪ್ರಶ್ನೆಯನ್ನೂ ಕೇಳದೆ ಹ್ಞೂಂ ಅಂದ. ಖುಷಿಗೆ ನಾನೇ ಅವನ ದತ್ತು ಪತ್ರದ ಮೇಲೂ "ಕಾಶ್ಯಪ ಗೋತ್ರ" ಅಂತ ಚೆಂದವಾಗಿ ಬರೆದೆ.

ತಿಂಗಳ ಕೊನೆಯ ದಿನ, ಭಾನುವಾರ, ಹ್ಯೂಸ್ಟನ್ ದೇವಸ್ಥಾನದಲ್ಲಿ ಇಬ್ಬರೂ ಸಹಿ ಹಾಕುವುದು ಅಂತ ಆಯಿತು. ಎರಡು ಮರಿಗಳ ಫೋಟೋ ಅಕ್ಕಪಕ್ಕ ಇಟ್ಟೆ. ಆಂಟಿ, "ಜೋಡಿ ಭಾಳ ಛಂದ ಅದ" ಅಂದರು. ಅಷ್ಟೇ ಸಾಕಾಯಿತು. ಅಂಕಲ್ ಕನ್ನಡಕ ಹಾಕಿಕೊಂಡು ಎರಡೂ ಪತ್ರ ಓದಿದರು.

"ಇವನೂ ಕಾಶ್ಯಪ? ಸಗೋತ್ರ! ಅಣ್ಣ ತಂಗಿ ಆದ್ರಲ್ರಿ! ಒಂದ ಕೊಟ್ಟಿಗ್ಯಾಗ ಇಟ್ಟಾರಲ್ಲ, ನಾಳೆ ಹೆಚ್ಚುಕಡಿಮಿ ಆದ್ರ? ಇಬ್ಬರನ್ನೂ ಬ್ಯಾರೆ ಮಾಡ್ಸೂತನಕ ನಾ ಸಹಿ ಹಾಕಂಗಿಲ್ಲ."

"ಅಂಕಲ್, ಇನ್ನೂ ಬಾಟ್ಲಿ ಹಾಲು ಕುಡೀತಿವೆ!" ಅಂತ ಕಿರುಚಿದೆ. ಅಲ್ಲಿ ಮೂರನೇ ಮರಿ ಕಾಯ್ತಿದೆ, ಇಲ್ಲಿ ಇವರು ಮದುವೆ ಮುರೀತಿದ್ದಾರೆ.

ಪುಣ್ಯಕ್ಕೆ ಅರ್ಚಕರು ಹತ್ತಿರ ಬಂದರು. "ದತ್ತು ಹೋದ ಮಕ್ಕಳಿಗೆ ಹುಟ್ಟಿದ ಗೋತ್ರ ಎಲ್ಲಿ ಉಳಿಯುತ್ತೆ? ತಗೊಂಡವರ ಗೋತ್ರವೇ ಅಲ್ವೇ? ನಿಮ್ಮದು ವಸಿಷ್ಠ, ಇವರದು ಭಾರದ್ವಾಜ. ಏನೂ ದೋಷವಿಲ್ಲ." ಇಬ್ಬರೂ ಸಹಿ ಹಾಕಿದರು. ನನಗೆ ಹೋದ ಜೀವ ಬಂತು.

ಅಲ್ಲೇ ಸ್ಪೀಕರ್ ಹಾಕಿ ಪಾಲಕನಿಗೆ ಫೋನ್ ಮಾಡಿದೆ. "ನಾಳೆ ಬೆಳಿಗ್ಗೆಯೇ ಲಾರಿ ಕಳಿಸಿ ಮೂರನೇ ಮರಿ ತರ್ತೀವಿ" ಅಂದ. ನಗಲಿ ಅಂತ ಗೋತ್ರದ ಕಥೆಯನ್ನೂ ಹೇಳಿದೆ. ಅವನು ನಗಲಿಲ್ಲ.

"ನಿಮ್ಮ ಅಂಕಲ್ ಹೇಳಿದ್ದು ಸರಿ. ನಮ್ಮಲ್ಲೂ ಒಂದೇ ಕುಲದಲ್ಲಿ ಮದುವೆ ಮಾಡಲ್ಲ. ಅದಿರಲಿ, ನಮ್ಮ ಪದ್ಧತಿ ಪ್ರಕಾರ ಹುಡುಗನ ಕಡೆಯವರು ಹುಡುಗಿಯ ತಂದೆಗೆ ಎಷ್ಟು ಹಸು ಕೊಡ್ತಾರಂತೆ?"

ಅಂಕಲ್ ಎದೆ ಅಗಲವಾಯಿತು. "ಕೇಳಿದ್ರೇನು? ಅದು ದೇಶ! ಹತ್ತು ಹಸು ಅನ್ರಿ."

ಆಸ್ಟಿನ್ ಗೆಳೆಯ ಗಾಬರಿಯಾಗಿ ನನ್ನ ತೋಳು ಹಿಡಿದ. "ಲೋ, ನಮ್ ಲೇಔಟಿನ ಎಚ್‌ಒಎ ಸಂಘದವ್ರು ಒಂದು ಕೋಳಿ ಸಾಕೋಕೂ ಬಿಡಲ್ಲ ಕಣೋ. ಹತ್ತು ಹಸು ಎಲ್ಲಿಂದ ತರ್ಲಿ?"

ಅಂಕಲ್ ದೊಡ್ಡ ಮನಸ್ಸು ಮಾಡಿದರು. "ಹೋಗ್ಲಿ ಬಿಡ್ರಿ. ಹುಡುಗನ್ನ ಮನಿಅಳಿಯ ಮಾಡ್ಕೊಂಡ್ರಾತು. ಹೆಂಗೂ ಅಕಿ ಕೊಟ್ಟಿಗ್ಯಾಗ ಅದಾನಲ್ಲ!"