ಬೊಂಬೆಯ ಕೆನ್ನೆಗೆ ಓಟ್ಸ್ ಎಣ್ಣೆ

ಸ್ವಂತ ಮೊಮ್ಮಗಳನ್ನು ಎತ್ತಿಕೊಳ್ಳಲು ಅಜ್ಜನಾದವನು ಪರೀಕ್ಷೆ ಪಾಸು ಮಾಡಬೇಕೆಂಬ ಕಾನೂನು ಯಾವ ದೇಶದಲ್ಲಿದೆಯೋ ಗೊತ್ತಿಲ್ಲ, ರಿಪೇರಿ ರಾಯರ ಮನೆಯಲ್ಲಂತೂ ಇತ್ತು. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಕೋಟು, ಸ್ವೆಟರು ತೊಟ್ಟು ನಿಲ್ಲುತ್ತವಲ್ಲ ಆಳೆತ್ತರದ ಬೊಂಬೆಗಳು, ಅವುಗಳ ಕೈಕಾಲು ಮುರಿದರೆ ಸರಿಮಾಡುವುದು ಅವರ ಕಸುಬು. ಆ ಹೆಸರು ಬೀದಿಯವರು ಇಟ್ಟದ್ದು. ದಿನವಿಡೀ ಪ್ಲಾಸ್ಟರು ಉಜ್ಜಿ ಉಜ್ಜಿ ಅವರ ಮುಖ, ಅಂಗೈ ಎಲ್ಲ ಒಣಗಿ ಬಿರಿದು ಹೊಟ್ಟು ಏಳುತ್ತಿತ್ತು. ಹೋದ ಸಲ ಮಗಳು ಬಂದಿದ್ದಾಗ ಮೊಮ್ಮಗಳ ಕೆನ್ನೆಗೆ ಕೆನ್ನೆ ತಾಗಿಸಿ ಮುದ್ದು ಮಾಡಹೋದರು. ಸೂರು ಹಾರಿಹೋಗುವಂತೆ ಮಗು ಕಿರುಚಿತು. ಎಳೆಯ ಕೆನ್ನೆಯ ಮೇಲೆ ಕೆಂಪು ಗೀರು ಬೇರೆ.

"ಅಪ್ಪಾ, ಬೇಜಾರು ಮಾಡ್ಕೋಬೇಡ. ಸ್ವಲ್ಪ ದಿನ ದೂರದಿಂದಲೇ ನೋಡು" ಎಂದಳು ಮಗಳು.

ರಾಯರು ಅವತ್ತು ಊಟ ತ್ಯಜಿಸಿದರು (ಅಂದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ). ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ಊರಿನ ಅರ್ಧ ಬೊಂಬೆಗಳ ಕೆನ್ನೆ ನುಣುಪು ಮಾಡಿದ ಮನುಷ್ಯನ ಕೆನ್ನೆ ಯಾರ ಉಪಯೋಗಕ್ಕೂ ಬಾರದೆ ಹೋಯಿತಲ್ಲ ಎಂದು ಒಳಗೊಳಗೇ ಕೊರಗಿದರು.

ಮಗಳು ಮತ್ತೆ ಬರುತ್ತಾಳೆಂದು ಸುದ್ದಿ ಬಂದಾಗ ಹೊಲಿಗೆ ತರಗತಿ ನಡೆಸುವ ಹೆಂಡತಿ ಒಂದು ಸಣ್ಣ ಸೀಸೆ ತಂದು ಮುಂದಿಟ್ಟಳು.

"ರೀ, ಇದು ಓಟ್ಸ್ ಎಣ್ಣೆ. ಒಣ ಚರ್ಮಕ್ಕೆ ಒಳ್ಳೇದಂತೆ. ಉರಿ ಇಲ್ಲ, ಘಾಟಿಲ್ಲ. ಮುಖ ತೊಳೆದು, ಪಸೆ ಆರೋ ಮುಂಚೆ ನಾಲ್ಕು ಹನಿ ಸವರಿಕೊಳ್ಳಿ."

"ಗಂಜಿ ವಾಸನೆ ಬರುತ್ತೆ ಕಣೇ."

"ಬರಲಿ. ಈಗ ನಿಮ್ಮಿಂದ ಪ್ಲಾಸ್ಟರ್ ವಾಸನೆ ಬರ್ತಾ ಇದೆ. ಮೊದಲು ಒಂದು ಕಡೆ ಸ್ವಲ್ಪ ಹಚ್ಚಿ ನೋಡಿ, ಏನೂ ಆಗದಿದ್ದರೆ ಪೂರ್ತಿ ಹಚ್ಚಿಕೊಂಡರಾಯಿತು."

ಒಂದು ಕಡೆ ಹಚ್ಚಿ ನೋಡಿ ಅಂದರೆ ನೀವು ನಾವು ಮೊಣಕೈ ಹಿಂದೆ ಹಚ್ಚಿಕೊಳ್ಳುತ್ತೇವೆ. ರಾಯರು ಹಾಗೆ ಮಾಡುವವರಲ್ಲ. ಬಣ್ಣವಾಗಲಿ ಮೆರುಗಾಗಲಿ, ಹೊಸದೇನು ಬಂದರೂ ಮೊದಲು ಬೊಂಬೆಗೆ ಹಚ್ಚಿ ನೋಡಿಯೇ ಅವರ ತಲೆ ನೆರೆತಿದೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ, ಅವರದೇ ಕುರ್ಚಿಯಲ್ಲಿ, ಒಂದು ಮುದುಕ ಬೊಂಬೆ ಆರಲು ಕೂತಿತ್ತು. ಹೊಸ ನಮೂನೆಯದು, ಮುಖಕ್ಕೆ ಮೆತ್ತನೆಯ ರಬ್ಬರಿನ ತೊಗಲು. ಅದರ ಮೂಗು ಕಿತ್ತುಹೋಗಿದ್ದರಿಂದ ರಾಯರು ಕನ್ನಡಿ ಎದುರಿಗಿಟ್ಟುಕೊಂಡು ತಮ್ಮ ಮೂಗನ್ನೇ ನೋಡಿ ಹೊಸದು ಮಾಡಿ ಕೂರಿಸಿದ್ದರು. ಮೂಗು ಬಂದ ಮೇಲೆ ಗಲ್ಲ ಹೊಂದಲಿಲ್ಲವೆಂದು ಗಲ್ಲವನ್ನೂ ತಿದ್ದಿದ್ದರು. ನನ್ನ ಮೂಗು ಹೊತ್ತ ಬೊಂಬೆಗೆ ಒಗ್ಗಿದ್ದು ನನಗೂ ಒಗ್ಗುತ್ತದೆ ಎಂಬ ಘನವಾದ ತರ್ಕದಿಂದ ಅದರ ಎಡಗೆನ್ನೆಗೆ ಎರಡು ಹನಿ ಸವರಿ, ಸೀಸೆಯನ್ನು ಅಲ್ಲೇ ಕಿಟಕಿಯಲ್ಲಿಟ್ಟು ಹಿತ್ತಲಿನ ಶೆಡ್ಡಿಗೆ ಹೋದರು.

ಮಾರನೆಯ ದಿನ ನೋಡಿದರೆ ಎಣ್ಣೆ ಬಲಗೆನ್ನೆಗೂ ಬಂದಿತ್ತು.

ಹರಡಿರಬೇಕು ಎಂದುಕೊಂಡರು. ಆದರೆ ಎಡಗೆನ್ನೆಯಿಂದ ಹೊರಟ ಎಣ್ಣೆ ಮೂಗು ಹತ್ತಿ ಇಳಿದು ಬಲಗೆನ್ನೆಗೆ ಹೋಗುವುದೆಂದರೇನು? ಅದರ ಮರುದಿನ ಹಣೆ, ಕಿವಿಯ ಹಿಂಭಾಗ ಎಲ್ಲ ಹಸಿಹಸಿಯಾಗಿ ಹೊಳೆಯುತ್ತಿತ್ತು. ಕೊರಳಿಗೆ ಟವೆಲು ಸುತ್ತಿತ್ತು. ರಾಯರು ಮುಟ್ಟಿ ನೋಡಿದರು. ಕೆನ್ನೆ ಬೆಚ್ಚಗಿತ್ತು.

"ಬಿಸಿಲಿಗೆ ಕೂತಿದೆಯಲ್ಲ, ಅದಕ್ಕೇ" ಎಂದು ಜೋರಾಗಿಯೇ ಹೇಳಿಕೊಂಡರು. ಆ ದಿನ ಬೆಳಗಿನಿಂದ ಮೋಡ ಮುಚ್ಚಿತ್ತು.

ಹೆಂಡತಿ ತರಗತಿ ಮುಗಿಸಿ ಬಂದೊಡನೆ ಕೇಳಿದರು. "ಏನೇ, ಬೊಂಬೆಗೆ ಎಣ್ಣೆ ಹಚ್ಚಿದೆಯಾ?"

"ನನಗೆ ಬೇರೆ ಕೆಲಸ ಇಲ್ವಾ? ಇರೋ ಗಂಡನಿಗೇ ಹಚ್ಚೋಕಾಗ್ತಿಲ್ಲ."

"ಟವೆಲು ಯಾರು ಸುತ್ತಿದ್ದು?"

"ನೀವೇ ಸುತ್ತಿ ಮರೆತಿರ್ತೀರಿ. ಹೋದ ವಾರ ಅದರ ಕೈಯನ್ನ ಛತ್ರಿ ಅಂತ ಹಿಡ್ಕೊಂಡು ಪೇಟೆಗೆ ಹೋಗಿದ್ದಿರಲ್ಲ!"

ಒಳಕೋಣೆಯಲ್ಲಿದ್ದ ಅತ್ತೆಯನ್ನು ಕೇಳಿ ಫಲವಿಲ್ಲ ಎಂದುಕೊಂಡರು. ಎರಡು ಕಣ್ಣಿಗೂ ಪೊರೆ ಬಂದು, ಆಪರೇಷನ್ನಿಗೆಂದು ಮಗಳು-ಅಳಿಯನ ಈ ಮನೆಗೆ ಬಂದಿದ್ದ ಆ ಹಿರಿಯ ಜೀವಕ್ಕೆ ಬಾಗಿಲಿಗೂ ಗೋಡೆಗೂ ವ್ಯತ್ಯಾಸ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಂಥವರು ಏನನ್ನು ನೋಡಿರಲು ಸಾಧ್ಯ?

ದಿನದಿಂದ ದಿನಕ್ಕೆ ಬೊಂಬೆಗೆ ಕಳೆ ಬಂತು. ರಬ್ಬರಿನ ತೊಗಲು ಎಣ್ಣೆ ಕುಡಿದು, ಉಂಡು ಎದ್ದವರ ಮುಖದ ಹಾಗೆ ತುಂಬಿಕೊಂಡಿತು. ಕಾಣೆಯಾಗಿದ್ದ ರಾಯರ ಹಳೆಯ ಕನ್ನಡಕ ಅದರ ಮೂಗಿನ ಮೇಲೆ ಸಿಕ್ಕಿತು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಸ್ವೆಟರು ಅದರ ಹೆಗಲೇರಿತು. ಕಿಟಕಿಯತ್ತ ಇದ್ದ ತಲೆ ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಿನತ್ತ ತಿರುಗಿತ್ತು, ರಾಯರು ಇನ್ನೂ ಯಾಕೆ ಬರಲಿಲ್ಲ ಎಂದು ಕಾಯುವಂತೆ.

ಇತ್ತ ರಾಯರ ಸ್ವಂತ ಚರ್ಮ ಮತ್ತಷ್ಟು ಬಿಗಿಯಿತು. ನಕ್ಕರೆ ಬಾಯಿಯ ಪಕ್ಕ ಗೆರೆ ಸೀಳುತ್ತಿತ್ತು, ಆದ್ದರಿಂದ ನಗುವುದನ್ನು ಬಿಟ್ಟರು. ಕನ್ನಡಿಯಲ್ಲಿ ಒಂದು ಬಿಳುಚಿಕೊಂಡ, ಅಲುಗಾಡದ ಮುಖ. ಅದು ಮೆತ್ತಗಾಗುತ್ತಿದೆ, ನಾನು ಗಟ್ಟಿಯಾಗುತ್ತಿದ್ದೇನೆ ಎಂಬ ಯೋಚನೆ ಬಂದಾಗ ಅಂಗೈ ಬೆವರಬೇಕಿತ್ತು. ಅದೂ ಬೆವರಲಿಲ್ಲ. ಸೀಸೆ ಮುಟ್ಟಲು ಈಗ ಅವರಿಗೆ ಭಯ. ಅದರದ್ದನ್ನು ತೆಗೆದುಕೊಂಡರೆ ಅದಕ್ಕೆ ಸಿಟ್ಟು ಬಂದರೆ?

ಹೀಗಿರುವಾಗ ಮಗಳು ಬರುವ ದಿನ ಬಂದೇಬಿಟ್ಟಿತು. ಶೆಡ್ಡಿನಲ್ಲಿ ಒಂದು ಮುರಿದ ಹೆಗಲನ್ನು ಉಜ್ಜುತ್ತಿದ್ದ ರಾಯರಿಗೆ ಬೀದಿಯಲ್ಲಿ ಗಾಡಿ ನಿಂತ ಸದ್ದು ಕೇಳಿತು. ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಮೆತ್ತಿಕೊಂಡೇ ಓಡಿಬಂದರು. ಮುಂದಿನ ಕೋಣೆಯ ಬಾಗಿಲಿಗೆ ಬಂದವರು ಅಲ್ಲೇ ಕಂಬದಂತೆ ನಿಂತರು.

ಕುರ್ಚಿಯ ಮುಂದೆ ಅತ್ತೆ ಬಾಗಿದ್ದರು. ಅಂಗೈಯಲ್ಲಿ ಎಣ್ಣೆ ಬಿಸಿಯಾಗುವಂತೆ ಉಜ್ಜಿ, ಬೊಂಬೆಯ ಕೆನ್ನೆಗೆ ಮೆಲ್ಲಗೆ ಸವರುತ್ತಿದ್ದರು.

"ಮುಖ ಈ ಕಡೆ ಕೊಡಿ ಅಳಿಯಂದಿರೇ. ಮಗಳು ಬರೋ ದಿನ, ಲಕ್ಷಣವಾಗಿರಬೇಕು. ನಮ್ಮ ಹುಡುಗಿ ನೀವು ಹಠಮಾರಿ, ಎಣ್ಣೆ ಮುಟ್ಟಿಸಿಕೊಳ್ಳಲ್ಲ ಅಂತಾಳೆ. ನಾನು ದಿನಾ ಹಚ್ತೀನಿ, ಒಂದು ಮಾತು ತಿರುಗಿ ಆಡಿದ್ದೀರಾ? ಇಷ್ಟು ವರ್ಷದಲ್ಲಿ ಈಗಲೇ ನೋಡಿ ನೀವು ನನ್ನ ಮಾತು ಪೂರ್ತಿ ಕೇಳಿಸಿಕೊಂಡಿದ್ದು."

ರಾಯರಿಗೆ ಹೋದ ಜೀವ ಬಂತು. ಬೆನ್ನಲ್ಲೇ ಅವಮಾನವೂ ಬಂತು. ಅವರು ಬಾಯಿ ತೆರೆಯುವಷ್ಟರಲ್ಲಿ ಹೊರಬಾಗಿಲಿನಿಂದ ಮಗಳು ಮಗುವಿನೊಡನೆ ಒಳಗೆ ಬಂದಳು, ಹಿಂದೆ ಚೀಲ ಹಿಡಿದ ಹೆಂಡತಿ. ಬಿಸಿಲಿನಿಂದ ಬಂದವಳಿಗೆ ಕಿಟಕಿಗೆ ಬೆನ್ನು ಕೊಟ್ಟು ಕೂತ ಸ್ವೆಟರು, ಕನ್ನಡಕ, ಆ ಮೂಗು ಇಷ್ಟೇ ಕಂಡದ್ದು.

"ಬಾರೇ, ನಿಮ್ಮಪ್ಪನ ಕೆನ್ನೆ ಮುಟ್ಟಿ ನೋಡು" ಎಂದರು ಅತ್ತೆ.

ಮಗಳು ಬಗ್ಗಿದಳು. ಮಗು ಎರಡೂ ಅಂಗೈಯನ್ನು ಬೊಂಬೆಯ ಕೆನ್ನೆಗಿಟ್ಟಿತು, ಒಂದು ಕ್ಷಣ ಯೋಚಿಸಿತು, ಕಿಲಕಿಲ ನಕ್ಕಿತು.

"ಅಯ್ಯೋ ಅಪ್ಪಾ, ಎಷ್ಟು ನುಣ್ಣಗಾಗಿದೆ!" ಎಂದವಳು ತಲೆಯೆತ್ತಿ ಬಾಗಿಲಿನತ್ತ ನೋಡಿ ಮುಖ ಕಿವುಚಿದಳು. "ಅಮ್ಮಾ, ಆ ಬಿಳೀ ಬೊಂಬೆನ ಬಾಗಿಲಲ್ಲೇ ಯಾಕೆ ನಿಲ್ಸಿದ್ದೀರಿ? ಒಳ್ಳೇ ದೆವ್ವದ ಥರ ಇದೆ. ಮಗು ಹೆದರುತ್ತೆ, ಒಳಗಿಡಿ."

ರಾಯರು ಮಾತಾಡಬೇಕಿತ್ತು. ಆದರೆ ಮಗು ಇನ್ನೂ ನಗುತ್ತಿತ್ತು, ಬೊಂಬೆಯ ಮುಖದ ಮೇಲಿದ್ದ ಅವರ ಮೂಗನ್ನೇ ಹಿಡಿದು ಎಳೆಯುತ್ತಿತ್ತು. ತಾವು ಬಾಯಿ ಬಿಟ್ಟರೆ ಆ ನಗು ನಿಲ್ಲುತ್ತದೆ. ಅವರು ಉಸಿರು ಹಿಡಿದು, ರೆಪ್ಪೆ ಬಡಿಯದೆ, ಕೈಯನ್ನು ಅಂಗಡಿಯ ಬೊಂಬೆಗಳಂತೆ ಅರ್ಧಕ್ಕೆ ಎತ್ತಿಕೊಂಡು ನಿಂತರು. ಇಷ್ಟು ಸುಖ ಅವರಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಹಾಗೆಯೇ ನಿಂತಿದ್ದುಬಿಡಬಹುದು ಎನಿಸಿತು, ಎನಿಸಿದ್ದಕ್ಕೆ ಭಯವೂ ಆಯಿತು.

ಮೂಗಿನೊಳಗಿದ್ದ ಪುಡಿ ಕೆಲಸ ಕೆಡಿಸಿತು. ರಾಯರು ಸೀನಿದರು. ಬಿಳಿ ಮೋಡವೊಂದು ಕೋಣೆ ತುಂಬಿತು. ಮಗಳು ಚೀರಿದಳು, ಹೆಂಡತಿಯ ಕೈಯ ಚೀಲ ಬಿತ್ತು, ಮಗು ಹೋ ಎಂದು ಅತ್ತು ಬೊಂಬೆಯ ಸ್ವೆಟರನ್ನು ಬಿಗಿಯಾಗಿ ಹಿಡಿದುಕೊಂಡಿತು.

"ನಾನು ಕಣೇ! ನಾನು, ಅಪ್ಪ!" ರಾಯರು ಮುಂದೆ ಬಂದರು. ಅವರು ಒಂದು ಹೆಜ್ಜೆ ಬಂದಷ್ಟೂ ಮಗುವಿನ ಅಳು ಏರಿತು.

ಕೊನೆಗೆ ಅವರು ಅತ್ತೆಯ ಕಾಲಿನ ಬಳಿ ನೆಲದ ಮೇಲೆಯೇ ಕುಸಿದು ಕೂತರು. ಕಣ್ಣು ತುಂಬಿತ್ತು. "ಅತ್ತೆ, ಆ ಎಣ್ಣೆ ನನಗೂ ಸ್ವಲ್ಪ ಹಚ್ಚಿ" ಎಂದರು.

ಅತ್ತೆ ಕೈ ಚಾಚಿ ಅವರ ಹಣೆ, ಮೂಗು, ಒರಟು ಕೆನ್ನೆ ಎಲ್ಲವನ್ನೂ ನಿಧಾನವಾಗಿ ತಡವಿದರು. ಆಮೇಲೆ ತಿರುಗಿ ಕುರ್ಚಿಯಲ್ಲಿದ್ದವನ ಮುಖ ತಡವಿದರು.

"ಮೂಗೇನೋ ಎರಡೂ ಒಂದೇ. ಆದರೆ ನಮ್ಮ ಅಳಿಯಂದಿರು ಇಲ್ಲಿದ್ದಾರೆ. ನೀನು ಯಾರಪ್ಪಾ?"

"ಹೇಳೇ ಇವರಿಗೆ!" ರಾಯರು ಹೆಂಡತಿಯತ್ತ ನೋಡಿ ಅಂಗಲಾಚಿದರು.

ಹೆಂಡತಿ ಬಿದ್ದ ಚೀಲವನ್ನು ಎತ್ತಿಕೊಂಡಳು. ನೆಲದ ಮೇಲೆ ಕೂತವರನ್ನು ನೋಡಿದಳು. ಕುರ್ಚಿಯಲ್ಲಿ ತಣ್ಣಗೆ, ಹೊಳೆಯುತ್ತ, ತುಟಿಪಿಟಿಕ್ಕೆನ್ನದೆ ಕೂತವನನ್ನು ನೋಡಿದಳು. ಮತ್ತೆ ಕುರ್ಚಿಯ ಕಡೆಗೇ ನೋಡಿದಳು.