ಬಿಚ್ಚದ ಗಂಟಿನ ಬನ್ನು

ಊರಿನವರೆಲ್ಲ ಕೆಟ್ಟ ಮಿಕ್ಸಿಯನ್ನು ರಿಪೇರಿ ಮಾಡಿಸುತ್ತಾರೆ. ಜಲಜಾಕ್ಷಿಯ ಗಂಡ ವರದರಾಜಯ್ಯ ಮಾತ್ರ ಚೆನ್ನಾಗಿರುವ ಮಿಕ್ಸಿ ಬಿಚ್ಚಿ ಮಹಾಯಂತ್ರ ಮಾಡುತ್ತಾರೆ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ, ಅರಸೀಕೆರೆಯಲ್ಲಿ ಹೆಂಡತಿ ನಡೆಸುವ ಬೇಕರಿಯೇ ಅವರ ಪ್ರಯೋಗಶಾಲೆ.

ಅವತ್ತು ನಾಲ್ಕು ಗಂಟೆಗೆ ಹೊಸ ಆಸ್ಪತ್ರೆಯ ಡಾಕ್ಟರ್ ನೀಲಾಂಬಿಕೆ ಬನ್ನಿನ ರುಚಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ರೋಗಿಗಳಿಗೆ ದಿನಾ ಇಲ್ಲಿಂದಲೇ ಬನ್ನು. ಒಪ್ಪದಿದ್ದರೆ ಗಿರಾಕಿಯಿಲ್ಲದ ಬೇಕರಿಗೆ ಬೀಗ. ಅಂಥ ದಿನವೇ ಗಂಡನಿಗೆ ಜ್ಞಾನೋದಯವಾಗಬೇಕೆ? ಆಯಿತು.

"ನೋಡೇ, ಹಿಟ್ಟು ಉಬ್ಬಿಸೋ ಯೀಸ್ಟಿನ ತಾಯಿಕೋಶಕ್ಕೆ ಪಕ್ಕದಲ್ಲೊಂದು ಮೊಗ್ಗು ಬರುತ್ತೆ. ಅದೇ ಮಗಳು. ಇಬ್ಬರ ನಡುವೆ ಪ್ರೋಟೀನುಗಳು ಉಡುದಾರದ ಹಾಗೆ ಸುತ್ತಿ ಗಂಟು ಹಾಕ್ತವೆ. ಕಡೆಗೆ ಕತ್ತರಿ ಪ್ರೋಟೀನು ಬಂದು ಕತ್ತರಿಸಿದರೆ ಮಗಳು ಬೇರೆ ಮನೆ ಮಾಡ್ತಾಳೆ."

"ನಿಮ್ಮ ಯಂತ್ರ ಏನು ಮಾಡುತ್ತೆ?"

"ಗಂಟು ಹಾಕೋ ಪ್ರೋಟೀನಿಗೆ ಚುರುಕು ಮುಟ್ಟಿಸುತ್ತೆ, ಮೊಗ್ಗುಗಳು ಸರಸರ ಬರ್ತವೆ. ಎರಡು ಗಂಟೆ ಉಬ್ಬೋ ಹಿಟ್ಟು ಎರಡೇ ನಿಮಿಷಕ್ಕೆ ಉಬ್ಬುತ್ತೆ."

"ಮತ್ತೆ ಕತ್ತರಿ?"

"ಅದು ತಾನಾಗಿ ಆಗುತ್ತೆ. ನನಗೇ ಪಾಠ ಹೇಳ್ತೀಯಾ?"

ಹೆತ್ತವರಿಗೆ ಹೆಗ್ಗಣ ಮುದ್ದು. ಅವಳು ಬೇಡ ಎನ್ನುವಷ್ಟರಲ್ಲಿ ಹಿಟ್ಟಿನ ಪಾತ್ರೆ ಯಂತ್ರದ ಕೆಳಗೆ ಸೇರಿತ್ತು. ಯಂತ್ರ ಗುರುಗುಟ್ಟಿತು, ಹಿಟ್ಟು ಬುಸಬುಸನೆ ಉಬ್ಬಿತು. ಗಂಡ ಕೊನೆಗೂ ಕೆಲಸಕ್ಕೆ ಬಂದರೆಂದು ಜಲಜಾಕ್ಷಿಗೆ ಖುಷಿಯೂ ಆಯಿತು. ಆ ತಪ್ಪಿಗೆ ಆಮೇಲೆ ಅವಳೇ ನಾಚಿಕೊಂಡಳು.

ಉಂಡೆ ಕಟ್ಟಲು ಒಂದು ಚೂರು ಕಿತ್ತಳು. ಇಡೀ ಹಿಟ್ಟು ಜೊತೆಗೇ ಎದ್ದು ಬಂತು. ಚಾಕು ಹಾಕಿದಳು. ಚಾಕುವೇ ಹಿಂದಕ್ಕೆ ಚಿಮ್ಮಿತು.

ವರದರಾಜಯ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹಿಗ್ಗಿದರು. "ಮಗಳು, ಮೊಮ್ಮಗಳು, ಮರಿಮಗಳು, ಒಬ್ಬಳೂ ತವರು ಬಿಟ್ಟಿಲ್ಲ ಕಣೇ. ಎಂಥಾ ಅವಿಭಕ್ತ ಕುಟುಂಬ!"

"ಅವಿಭಕ್ತ ಕುಟುಂಬನ ಡಾಕ್ಟರಮ್ಮಂಗೆ ತಿನ್ನಿಸಲಾ?"

ಗಂಟೆ ಮೂರೂವರೆ. ಬೇರೆ ದಾರಿ ಕಾಣದೆ ಇಡೀ ಹಿಟ್ಟನ್ನೇ ಭಟ್ಟಿಗೆ ತಳ್ಳಿದಳು. ಬಾಗಿಲಷ್ಟು ಅಗಲದ ಒಂದೇ ಬನ್ನು ಹೊರಬಂತು.

ಡಾಕ್ಟರಮ್ಮ ಬಂದರು, ಮುರಿಯಲು ಹೋದರೂ ಮುರಿಯದ ಬನ್ನಿನ ಅಂಚಿಗೆ ಬಾಯಿ ಹಾಕಿದರು. ಹಲ್ಲಿಗೆ ಅಂಟಿದ ಅಂಚು ಬಿಡಲೇ ಇಲ್ಲ. ಗಾಬರಿಯಿಂದ ಜೀಪಿನ ಕಡೆ ನಡೆದರು. ಬನ್ನೂ ನಡೆಯಿತು, ಬಿಸ್ಕತ್ತಿನ ಡಬ್ಬಗಳನ್ನು ಉರುಳಿಸುತ್ತ.

"ಅಲ್ಲಾಡಬೇಡಿ ಮೇಡಂ, ಎಷ್ಟು ಹಿಗ್ಗುತ್ತೆ ಅಂತ ಅಳತೆ ತಗೋತೀನಿ," ಎಂದು ವರದರಾಜಯ್ಯ ಟೇಪು ಹಿಡಿದು ಹಿಂದೆ ಓಡಿದರು. ಬೇಕರಿ ಮುಳುಗಿತೆಂದು ಜಲಜಾಕ್ಷಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅರ್ಧ ಗಂಟೆ ಎಳೆದಾಡಿದ ಮೇಲೆ ಬನ್ನು ಬಿಟ್ಟಿತು, ಅವರು ಕಟ್ಟಿಸಿಕೊಂಡಿದ್ದ ಒಂದು ಹಲ್ಲನ್ನು ಕಾಣಿಕೆಯಾಗಿ ಇಟ್ಟುಕೊಂಡು. ಸುಸ್ತಾದ ಡಾಕ್ಟರಮ್ಮ ಬನ್ನಿನ ಮೇಲೇ ಕುಳಿತರು. ಎದ್ದರು. ಮತ್ತೆ ಕುಳಿತರು. ಒತ್ತಿ ನೋಡಿದರು.

"ತಿನ್ನೋಕೆ ಬೇಡಮ್ಮ. ಮೂಳೆ ವಾರ್ಡಿಗೆ ಹಾಸಿಗೆ ಸಾಲದು. ಇಂಥವೇ ಇಪ್ಪತ್ತು ಕಳಿಸಿ."

ಬೇಕರಿ ಉಳಿಯಿತು, ಬನ್ನು ಮಾತ್ರ ಬನ್ನಾಗಿ ಉಳಿಯಲಿಲ್ಲ. ವರದರಾಜಯ್ಯ ಮೀಸೆ ತಿರುವಿದರು. "ಇನ್ನು ಆ ಗಂಟು ಬಿಚ್ಚೋ ಯಂತ್ರ ಒಂದು ಮಾಡಿಬಿಟ್ಟರೆ..."

ಜಲಜಾಕ್ಷಿ ಕತ್ತಿನ ತಾಳಿಯನ್ನು ಸರಿಮಾಡಿಕೊಂಡಳು.

"ಸುಮ್ನಿರಿ. ನೀವು ಹಾಕಿದ ಗಂಟು ಬಿಚ್ಚಲ್ಲ ಅಂತ ನನಗೆ ಮೂವತ್ತು ವರ್ಷದಿಂದ ಗೊತ್ತು."