ಮಾವನ ತಟ್ಟೆಯ ಎಡಭಾಗ

"ಮಾವನ ಊಟದ ಚಿಂತೆ ನನಗೆ ಬಿಡು. ತಿಂಗಳೊಳಗೆ ಪೈಲ್ವಾನ್ ಮಾಡಿ ಒಪ್ಪಿಸ್ತೀನಿ" ಎಂದು ಎದೆ ತಟ್ಟಿಕೊಂಡೆ.

"ಮೊದಲಿದ್ದ ಹಾಗಾದ್ರೆ ಸಾಕು ಕಣ್ರೀ" ಎಂದಳು ಹೆಂಡತಿ.

ಪಾರ್ಶ್ವವಾಯು ಬಡಿದ ಮಾವ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಎಡಗೈ ಮುಷ್ಕರ ಹೂಡಿತ್ತು. ನಾಲಗೆ ಮಾತ್ರ ಪೂರ್ತಿ ಡ್ಯೂಟಿಯಲ್ಲಿತ್ತು. "ಇನ್ನೆರಡು ಕಿಲೋ ಇಳಿದ್ರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತೆ" ಎಂದು ಡಯಟಿಷಿಯನ್ ಮೇಡಂ ಎಚ್ಚರಿಸಿದ್ದರು.

ಮಾವನ ಎಡಗಡೆ ಸ್ಟೂಲು ಹಾಕಿಕೊಂಡು ಅಧಿಕಾರ ಸ್ವೀಕರಿಸಿದೆ. ಸೋಮವಾರ ತಟ್ಟೆಯ ಬಲಕ್ಕೆ ಹಿಸುಕಿದ ಆಲೂಗಡ್ಡೆ, ಎಡಕ್ಕೆ ಬೇಯಿಸಿದ ಮೊಟ್ಟೆ. ಆಲೂಗಡ್ಡೆ ಖಾಲಿ, ಮೊಟ್ಟೆ ಹಾಗೇ. ಆಸ್ಪತ್ರೆಯ ಚೀಟಿಯೊಂದರ ಹಿಂಬದಿ ಖಾಲಿಯಿತ್ತು. ಅದರಲ್ಲಿ 'ಮೊಟ್ಟೆ ಸೇರದು' ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮಂಗಳವಾರ ಮರೆತು ಮೊಟ್ಟೆಯನ್ನೇ ಬಲಕ್ಕಿಟ್ಟೆ. ಮೊಟ್ಟೆ ಮಾಯ, ಆಲೂಗಡ್ಡೆ ಅನಾಥ. ಬುಧವಾರ ಕುಂಬಳಕಾಯಿಗೆ ಬಹಿಷ್ಕಾರ, ಗುರುವಾರ ಅದಕ್ಕೇ ಪಟ್ಟಾಭಿಷೇಕ.

"ನಿಮ್ಮಪ್ಪನ ರುಚಿ ದಿನಕ್ಕೊಂದು ಪಕ್ಷ ಸೇರುತ್ತಲ್ಲೇ."

"ಮಿಕ್ಕಿದ್ದೇನು ಮಾಡ್ತಿದ್ದೀರಿ?"

"ಅಲ್ಲಲ್ಲೇ ವಿಲೇವಾರಿ" ಎಂದೆ, ಬಾಯೊರೆಸಿಕೊಳ್ಳುತ್ತ.

ಶನಿವಾರ ಮೇಡಂ ಮನೆಗೇ ಬಂದರು. ಮಾವನನ್ನು ತೂಗಿದರು. ಒಂದೂವರೆ ಕಿಲೋ ಇಳಿದಿತ್ತು. ಹೆಂಡತಿಯ ಕಣ್ಣು ತುಂಬಿತು. ಪೈಲ್ವಾನ್ ಮಾಡ್ತೀನಿ ಎಂದಿದ್ದ ನಾನು ತೂಕದ ಯಂತ್ರವನ್ನೇ ಬಗ್ಗಿ ಪರೀಕ್ಷಿಸಿದೆ.

"ನನ್ನ ಮುಂದೆಯೇ ಊಟಕ್ಕೆ ಕೊಡಿ, ನೋಡೋಣ" ಎಂದರು ಮೇಡಂ.

ಮಾವ ಬಲಗಡೆಯದನ್ನು ಚೊಕ್ಕಟವಾಗಿ ಮುಗಿಸಿ ಚಮಚ ಕೆಳಗಿಟ್ಟರು. ಮೇಡಂ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು.

"ಓಹೋ, ಇನ್ನೂ ಇತ್ತಾ?" ಎಂದ ಮಾವ ಅದನ್ನೂ ಬಳಿದು ತಿಂದರು.

"ಮಿದುಳಿಗೆ ಪೆಟ್ಟಾಗಿದೆಯಲ್ಲ, ಇವರಿಗೆ ಎಡಗಡೆ ಇರೋದು ಗಮನಕ್ಕೇ ಬರ್ತಿಲ್ಲ. ಚೀಟಿಯಲ್ಲಿ ಬರೆದು ಕೊಟ್ಟಿದ್ದೆನಲ್ಲ?"

ಹೆಂಡತಿ ಫ್ರಿಜ್ಜಿನಿಂದ ನಾನು ಅಂಟಿಸಿದ್ದ ಚೀಟಿಯನ್ನು ಕಿತ್ತು ಮಗುಚಿದಳು. ಎಲ್ಲವೂ ಅಲ್ಲೇ ಇತ್ತು, ದಪ್ಪಕ್ಷರದಲ್ಲಿ. ಎಡವಟ್ಟು ಎಂಬ ಪದ ಹುಟ್ಟಿದ್ದೇ ನನಗಾಗಿ ಇರಬೇಕು.

"ಹಾಗಾದ್ರೆ ಇಷ್ಟು ದಿನ ಎಡಗಡೆ ಊಟ ಏನಾಯ್ತು?" ಮಾವ ಕೇಳಿದರು.

ನನ್ನ ಅಂಗಿಯ ಗುಂಡಿಗಳು ಬಿಗಿಯಾಗಿ ಹೊಟ್ಟೆಯನ್ನು ಹಿಡಿದುಕೊಂಡು ಸಾಕ್ಷಿ ಹೇಳುತ್ತಿದ್ದವು. ಹೆಂಡತಿ ಬೆರಳು ತೋರಿಸಿದಳು. ಮಾವ ನಿಧಾನವಾಗಿ, ಬಹಳ ಕಷ್ಟಪಟ್ಟು, ಕತ್ತನ್ನು ಎಡಕ್ಕೆ ಹೊರಳಿಸಿ ನನ್ನನ್ನು ಪತ್ತೆಹಚ್ಚಿದರು.

"ಮಗಳೇ, ತಟ್ಟೆ ಹೇಗಾದರೂ ಇಡಮ್ಮ. ಅಳಿಯಂದಿರನ್ನ ಮಾತ್ರ ಇನ್ಮೇಲೆ ನನ್ನ ಬಲಗಡೆ ಕೂರಿಸು."